ಪ್ರೋಟಾನ್ ಗಾತ್ರ ಅಳೆದು ಆಗಬೇಕಾದ್ದೇನು?

ಪ್ರಶ್ನೆ: ಪ್ರೋಟಾನ್ ಗಾತ್ರದ ಬಗ್ಗೆ ವಿಜ್ಞಾನಿಗಳಲ್ಲಿ ವರ್ಷಗಟ್ಟಲೆ ವಾದ ನಡೆಯಿತಂತೆ. ಕಣ್ಣಿಗೇ ಕಾಣದ್ದನ್ನು ಅಳೆಯೋದು ಹೇಗೆ? ಸ್ವಲ್ಪ ಹೆಚ್ಚುಕಮ್ಮಿ ಆದರೆ ಏನಂತೆ?
– ಪಿಯುಸಿ ವಿದ್ಯಾರ್ಥಿನಿ, ತಿಪಟೂರು

ಉತ್ತರ: ಪ್ರೋಟಾನಿಗೆ ಗೋಲಿಯ ಹಾಗೆ ಗಟ್ಟಿ ಅಂಚಿಲ್ಲ. ಅದರ ಚಾರ್ಜ್ ಎಷ್ಟು ದೂರ ಹರಡಿದೆ ಅನ್ನುವುದೇ ಅದರ ತ್ರಿಜ್ಯ. ಎಲೆಕ್ಟ್ರಾನುಗಳನ್ನು ಅದರತ್ತ ಹಾರಿಸಿ, ಅವು ಹೇಗೆ ಚದುರುತ್ತವೆ ಅಂತ ನೋಡಿ ಅಳೆಯಬಹುದು. 1950ರ ದಶಕದಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ರಾಬರ್ಟ್ ಹಾಫ್‌ಸ್ಟಾಟರ್ ಮಾಡಿದ್ದು ಇದನ್ನೇ. ಇನ್ನೊಂದು ದಾರಿ ಹೈಡ್ರೋಜನ್ ಹೀರುವ ಬೆಳಕನ್ನು ಅಳೆಯೋದು. ಎಲೆಕ್ಟ್ರಾನ್ ಪ್ರೋಟಾನಿನ ಒಳಗೇ ಇರುವ ಒಂದು ಚೂರು ಸಾಧ್ಯತೆ ಯಾವಾಗಲೂ ಇರುತ್ತದೆ, ಅಲ್ಲಿ ಸೆಳೆತ ಕಡಿಮೆ, ಅದಕ್ಕೇ ಅದರ ಶಕ್ತಿಮಟ್ಟ ಸ್ವಲ್ಪವೇ ಸ್ವಲ್ಪ ಸರಿಯುತ್ತದೆ, ಹೀರುವ ಬೆಳಕಿನ ಬಣ್ಣವೂ ಅಷ್ಟೇ ಸರಿಯುತ್ತದೆ. ಎರಡೂ ದಾರಿಯಲ್ಲಿ ಉತ್ತರ ಸುಮಾರು 0.88 ಫೆಮ್ಟೋಮೀಟರ್ ಬರುತ್ತಿತ್ತು. ಒಂದು ಫೆಮ್ಟೋಮೀಟರ್ ಅಂದರೆ ಮಿಲಿಮೀಟರಿನ ಲಕ್ಷ ಕೋಟಿಯಲ್ಲಿ ಒಂದು ಪಾಲು.

ಆಮೇಲೆ ಸ್ವಿಟ್ಜರ್ಲೆಂಡಿನ ಪಾಲ್ ಶೆರರ್ ಸಂಸ್ಥೆಯಲ್ಲಿ ರಾಂಡಾಲ್ಫ್ ಪೋಲ್ ಮತ್ತು ಸಂಗಡಿಗರು ಎಲೆಕ್ಟ್ರಾನ್ ಜಾಗಕ್ಕೆ ಮ್ಯೂಯಾನ್ ತಂದರು. ಅದು ಎಲೆಕ್ಟ್ರಾನಿನಂಥದ್ದೇ ಕಣ, ಆದರೆ ಸುಮಾರು 200 ಪಟ್ಟು ಭಾರ, ಅಷ್ಟೇ ಪಟ್ಟು ಹತ್ತಿರದಲ್ಲಿ ಸುತ್ತುತ್ತದೆ, ಹಾಗಾಗಿ ಪ್ರೋಟಾನಿನ ಒಳಗೆ ಸಿಗುವ ಸಾಧ್ಯತೆ ಸುಮಾರು 80 ಲಕ್ಷ ಪಟ್ಟು ಜಾಸ್ತಿ! ಆದರೆ ಅದರ ಆಯಸ್ಸು ಸರಾಸರಿ 2.2 ಮೈಕ್ರೋಸೆಕೆಂಡ್ ಮಾತ್ರ. ಅಷ್ಟರೊಳಗೆ ಅದನ್ನು ಹೈಡ್ರೋಜನ್ ಅನಿಲದಲ್ಲಿ ನಿಲ್ಲಿಸಬೇಕು, ಪ್ರೋಟಾನ್ ಅದನ್ನು ಹಿಡಿಯಬೇಕು, ಲೇಸರ್ ಹೊಡೆಯಬೇಕು, ಲೇಸರಿನ ಬಣ್ಣ ಸರಿಯಾಗಿ ಕೂತರೆ ಒಂದು ಎಕ್ಸ್‌ರೇ ಹೊರಬರುತ್ತದೆ. ಮೊದಲೆಲ್ಲ 0.88ಕ್ಕೆ ಹೊಂದುವ ಬಣ್ಣದ ಆಸುಪಾಸಿನಲ್ಲೇ ಹುಡುಕಿದರು. ಏನೂ ಸಿಗಲಿಲ್ಲ. ಹುಡುಕಾಟದ ವ್ಯಾಪ್ತಿ ಹಿಗ್ಗಿಸಿದಾಗ ಸಿಕ್ಕಿತು. 2010ರಲ್ಲಿ ಪ್ರಕಟಿಸಿದ ಉತ್ತರ: 0.842.

ಬರೀ ಶೇ. 4ರಷ್ಟು ವ್ಯತ್ಯಾಸ, ಅಲ್ವಾ? ಆದರೆ ಅಳತೆಯಲ್ಲಿ ಇರಬಹುದಾದ ತಪ್ಪಿಗಿಂತ ಅದು ಎಷ್ಟೋ ದೊಡ್ಡದು. ಹೈಡ್ರೋಜನ್ ಎಲ್ಲಕ್ಕಿಂತ ಸರಳ ಪರಮಾಣು, ನಮ್ಮ ಕ್ವಾಂಟಮ್ ಸಿದ್ಧಾಂತವನ್ನು ಒರೆಗೆ ಹಚ್ಚುವುದು ಅದರಲ್ಲೇ. ಆ ಲೆಕ್ಕದಲ್ಲಿ ಪ್ರೋಟಾನ್ ತ್ರಿಜ್ಯ ಮತ್ತು ರಿಡ್‌ಬರ್ಗ್ ಸ್ಥಿರಾಂಕ (ಪರಮಾಣುವಿನ ಶಕ್ತಿಮಟ್ಟಗಳ ಲೆಕ್ಕಕ್ಕೆ ಬೇಕಾದ ಮೂಲ ಅಂಕಿ) ಒಂದಕ್ಕೊಂದು ತಳುಕು ಹಾಕಿಕೊಂಡಿವೆ, ಒಂದು ಅಲುಗಾಡಿದರೆ ಇನ್ನೊಂದೂ ಅಲುಗಾಡುತ್ತದೆ. ಅದಕ್ಕಿಂತ ದೊಡ್ಡ ಮಾತೆಂದರೆ, ಪ್ರೋಟಾನ್ ಜೊತೆ ಮ್ಯೂಯಾನ್ ಬೇರೆ ಥರ, ಎಲೆಕ್ಟ್ರಾನ್ ಬೇರೆ ಥರ ವರ್ತಿಸಿದರೆ, ನಮಗೆ ಗೊತ್ತಿಲ್ಲದ ಹೊಸ ಬಲವೊಂದು ಇದೆ ಅಂತ ಅರ್ಥ.

2019ರಲ್ಲಿ ಟೊರಾಂಟೊದ ಯಾರ್ಕ್ ವಿಶ್ವವಿದ್ಯಾಲಯದವರಿಗೆ ಮಾಮೂಲಿ ಹೈಡ್ರೋಜನ್ನಿನಲ್ಲೇ 0.833 ಸಿಕ್ಕಿತು. ಅಮೆರಿಕದ ಜೆಫರ್ಸನ್ ಲ್ಯಾಬಿನಲ್ಲಿ ಎಲೆಕ್ಟ್ರಾನ್ ಹಾರಿಸಿ ನೋಡಿದರೆ 0.831. ಹಾಗಾಗಿ ಹೊಸ ಬಲದ ಆಸೆ ತಗ್ಗಿದೆ. ನನ್ನ ಪ್ರಕಾರ ಇದರಲ್ಲಿ ನಿರಾಸೆಪಡುವಂಥದ್ದೇನೂ ಇಲ್ಲ, ಯಾಕಂದರೆ ಎಲ್ಲರೂ ಒಪ್ಪಿಕೊಂಡಿದ್ದ ಅಂಕಿಯನ್ನೇ ಮತ್ತೆ ಅಳೆದು ತಿದ್ದಿದರಲ್ಲ! ಈಗ ಅಂಗೀಕೃತ ಬೆಲೆ ಸುಮಾರು 0.84. ಆದರೂ 2018ರಲ್ಲಿ ಪ್ಯಾರಿಸ್ಸಿನಲ್ಲಿ ಮಾಡಿದ ಅಳತೆ 0.877 ಅಂತಲೇ ಹೇಳಿತ್ತು, ಆ ಗಂಟು ಪೂರ್ತಿ ಬಿಚ್ಚಿಲ್ಲ. ಅದಕ್ಕೇ ಪಾಲ್ ಶೆರರ್ ಸಂಸ್ಥೆಯಲ್ಲಿ ‘ಮ್ಯೂಸ್’ ಅನ್ನುವ ಪ್ರಯೋಗ ಹೂಡಿದ್ದಾರೆ, ಒಂದೇ ಉಪಕರಣದಲ್ಲಿ ಮ್ಯೂಯಾನನ್ನೂ ಎಲೆಕ್ಟ್ರಾನನ್ನೂ ಪ್ರೋಟಾನ್ ಮೇಲೆ ಹಾರಿಸಿ ಹೋಲಿಸೋಕೆ.