ಗಾರ್ಮೆಂಟ್ಸ್ ಟೈಲರ್‌ಗಳ ಕುತ್ತಿಗೆ, ಸೊಂಟ ನೋವಿನ ಅಧ್ಯಯನ: ಪ್ರಶ್ನಾವಳಿ ಸಾಕೇ, ವಿಡಿಯೊ ಬೇಕೇ?

ನಿಮ್ಮ ಪ್ರಶ್ನೆ ಹೀಗಿದೆ: ಎಂ.ಟೆಕ್ ಪ್ರಾಜೆಕ್ಟಿಗೆ ಬೆಂಗಳೂರಿನ ಒಂದು ಗಾರ್ಮೆಂಟ್ಸ್‌ನ 60 ಹೊಲಿಗೆ ಆಪರೇಟರ್‌ಗಳ ನೋವು ಮತ್ತು ಭಂಗಿಯನ್ನು ಅಧ್ಯಯನ ಮಾಡಬೇಕು. ಗೈಡ್ ‘ರೂಲಾ ಮಾಡಿ’ ಅಂದಿದ್ದಾರೆ (ರೂಲಾ ಅಂದರೆ ಕೆಲಸ ಮಾಡುವಾಗಿನ ಭಂಗಿಗೆ ಅಂಕ ಕೊಡುವ ವಿಧಾನ; ಅಂಕ ಹೆಚ್ಚಿದಷ್ಟೂ ಅಪಾಯ ಹೆಚ್ಚು). ಪ್ರಶ್ನಾವಳಿಯೊಂದೇ ಸಾಕೇ, ಕಾಲೇಜಿನಲ್ಲಿರುವ, ಸ್ನಾಯುಗಳ ವಿದ್ಯುತ್ ಸಂಕೇತ ಅಳೆಯುವ ಇಎಂಜಿ ಯಂತ್ರವನ್ನೂ ಬಳಸಬೇಕೇ?

ಪ್ರಶ್ನಾವಳಿಯೂ ಬೇಕು, ರೂಲಾ ಅಂಕ ಕೊಡಲು ವಿಡಿಯೊನೂ ಬೇಕು. ನೋವು ಎಲ್ಲಿದೆ ಅಂತ ಪ್ರಶ್ನಾವಳಿ ಹೇಳುತ್ತದೆ, ಯಾವ ಕೆಲಸದಿಂದ ಅಂತ ಹೇಳುವುದಿಲ್ಲ. ರೂಲಾ ಭಂಗಿಯನ್ನು ಹೇಳುತ್ತದೆ, ಆದರೆ ನೀವು ಯಾವ ಗಳಿಗೆಯನ್ನು ಆರಿಸಿ ಅಳೆದಿರೋ ಅದನ್ನಷ್ಟೇ. ಹೆಚ್ಚಿನ ಪ್ರಾಜೆಕ್ಟ್‌ಗಳು ಕೆಡುವುದು ಇಲ್ಲೇ, ಆದ್ದರಿಂದ ಮೊದಲು ಅದನ್ನೇ ಹೇಳುತ್ತೇನೆ.

ರೂಲಾವನ್ನು 1993ರಲ್ಲಿ ಪ್ರಕಟಿಸಿದವರು ನಾಟಿಂಗ್‌ಹ್ಯಾಮ್‌ನ ಮೆಕಟಾಮ್ನಿ ಮತ್ತು ಕಾರ್ಲೆಟ್. ಅವರು ಅದನ್ನು ರೂಪಿಸುವಾಗ ನೋಡಿದ ಕೆಲಸಗಳಲ್ಲಿ ಉಡುಪು ತಯಾರಿಕೆಯೂ ಇತ್ತು, ಹಾಗಾಗಿ ನಿಮ್ಮ ಗೈಡ್ ಆಯ್ಕೆ ತಪ್ಪಲ್ಲ. ತಪ್ಪಾಗುವುದು ಒಬ್ಬರಿಗೆ ಒಂದೇ ಫೋಟೊ ತೆಗೆದು, ಗೆರೆ ಎಳೆದು, ಸ್ಕೋರ್ ಬರೆದಾಗ. ಕಾಲರ್ ಕೂಡಿಸುವ ಆಪರೇಟರ್ ಬಂಡಲ್‌ನಿಂದ ತುಂಡು ಎತ್ತುತ್ತಾರೆ, ಅಂಚು ಹೊಂದಿಸುತ್ತಾರೆ, ಸೂಜಿಯಡಿ ಸಾಗಿಸುತ್ತಾರೆ, ದಾರ ಕತ್ತರಿಸಿ ಪಕ್ಕಕ್ಕೆ ಹಾಕುತ್ತಾರೆ. ಎತ್ತುವಾಗ ಸೊಂಟ ತಿರುಗಿರುತ್ತದೆ, ಕುತ್ತಿಗೆ ಹೆಚ್ಚು ಬಾಗಿರುವುದಿಲ್ಲ. ಹೊಲಿಯುವಾಗ ಸೊಂಟ ಅಲ್ಲಾಡುವುದಿಲ್ಲ, ಕುತ್ತಿಗೆ ಬಗ್ಗಿರುತ್ತದೆ. ಈ ಎರಡು ಗಳಿಗೆಯ ಫೋಟೊ ಹಿಡಿದು ಒಬ್ಬರ ಮೇಲೇ ಎರಡು ಬೇರೆ ವರದಿ ಬರೆಯಬಹುದು.

ಆದ್ದರಿಂದ ಪ್ರತಿಯೊಬ್ಬರದೂ ಬೆಳಿಗ್ಗೆ 20 ನಿಮಿಷ, ಮಧ್ಯಾಹ್ನ ಮೂರರ ನಂತರ 20 ನಿಮಿಷ ವಿಡಿಯೊ ತೆಗೆಯಿರಿ. ಎರಡರಲ್ಲೂ ಮೊದಲ ಐದು ನಿಮಿಷ ಬಿಟ್ಟುಬಿಡಿ. ಕ್ಯಾಮೆರಾ ಕಂಡ ಕೂಡಲೇ ಎಲ್ಲರೂ ನೆಟ್ಟಗೆ ಕೂರುತ್ತಾರೆ. ಉಳಿದದ್ದರಿಂದ ಒಬ್ಬೊಬ್ಬರಿಗೆ 30 ಫ್ರೇಮ್ ಆರಿಸಿ. ಪ್ರತಿ 30 ಸೆಕೆಂಡಿಗೆ ಒಂದು ಅಂತ ಇಟ್ಟುಕೊಳ್ಳಬೇಡಿ. ಆ ಆಪರೇಷನ್ನಿನ ಸೈಕಲ್ (ಒಂದು ತುಂಡು ಮುಗಿಸಲು ಹಿಡಿಯುವ ಹೊತ್ತು) ಕೂಡ 30 ಸೆಕೆಂಡಿನ ಆಸುಪಾಸಿನಲ್ಲಿದ್ದರೆ ಪ್ರತಿ ಸಲವೂ ಒಂದೇ ಭಂಗಿ ಸಿಗುತ್ತದೆ. ಸ್ಪ್ರೆಡ್‌ಶೀಟಿನಲ್ಲಿ ಯಾದೃಚ್ಛಿಕ ಸಂಖ್ಯೆ ತೆಗೆದು ಆ ಸೆಕೆಂಡಿಗೆ ಹೋಗಿ. 60 ಜನಕ್ಕೆ 1800 ಫ್ರೇಮ್ ಆಗುತ್ತದೆ; ಒಂದಕ್ಕೆ ಒಂದೂವರೆ ನಿಮಿಷ ಹಿಡಿದರೆ 45 ಗಂಟೆ ಕೂತು ಮಾಡುವ ಕೆಲಸ. ಹೊತ್ತು ಸಾಲದಿದ್ದರೆ ಫ್ರೇಮ್ ಕಡಿಮೆ ಮಾಡಿ, ಜನರನ್ನು ಕಡಿಮೆ ಮಾಡಬೇಡಿ. ಒಬ್ಬರದೇ ನೂರು ಫ್ರೇಮ್ ಸೇರಿಸಿದರೂ ಅದು ಒಬ್ಬರ ಮಾಹಿತಿಯೇ.

ಕ್ಯಾಮೆರಾ ಸರಿಯಾಗಿ ಪಕ್ಕದಿಂದ, ಕೂತವರ ಭುಜದ ಮಟ್ಟದಲ್ಲಿ, ಟ್ರೈಪಾಡ್ ಮೇಲೆ ಇರಬೇಕು. ಮೊಬೈಲಿನ ವೈಡ್ ಲೆನ್ಸ್ ಬೇಡ, ಅಂಚಿನಲ್ಲಿ ಕೋನ ತಿರುಚಿಕೊಳ್ಳುತ್ತದೆ. ಲೈನ್‌ಗಳ ನಡುವೆ ಜಾಗ ಇರುವುದಿಲ್ಲ, ಓರೆಯಾಗಿ ತೆಗೆಯಬೇಕಾಗಿ ಬರುತ್ತದೆ. ಆಗ ಡಿಗ್ರಿ ಅಳೆಯಲು ಹೋಗಬೇಡಿ, ರೂಲಾದ ವರ್ಗಗಳಷ್ಟನ್ನೇ ನಿರ್ಧರಿಸಿ. ಕುತ್ತಿಗೆಗೆ 10ರಿಂದ 20 ಡಿಗ್ರಿಗೆ ಅಂಕ 2, ಅದಕ್ಕಿಂತ ಹೆಚ್ಚಾದರೆ 3. ಓರೆ ಚಿತ್ರದಲ್ಲಿ 18 ಮತ್ತು 22ರ ವ್ಯತ್ಯಾಸ ಕಾಣುವುದೇ ಇಲ್ಲ. ಗಡಿಯಲ್ಲಿರುವ ಫ್ರೇಮ್‌ಗಳಿಗೆ ಗುರುತು ಹಾಕಿಟ್ಟು, ಆಮೇಲೆ ಎರಡೂ ರೀತಿ ಲೆಕ್ಕ ಹಾಕಿ ನೋಡಿ. ದುಪಟ್ಟಾ, ಸೆರಗು, ಏಪ್ರನ್ ಸೊಂಟವನ್ನೂ ಕುತ್ತಿಗೆಯ ಬುಡವನ್ನೂ ಮುಚ್ಚುತ್ತವೆ. ಬಣ್ಣದ ಸ್ಟಿಕ್ಕರನ್ನು ಕತ್ತಿನ ಹಿಂದೆ ಎದ್ದು ಕಾಣುವ ಮೂಳೆ, ಭುಜದ ತುದಿ, ಮೊಣಕೈಗೆ ಅಂಟಿಸಬಹುದು; ಬಟ್ಟೆಯ ಮೇಲೆ ಅಂಟಿಸಿದ್ದು ಜಾರುತ್ತದೆ. ಅಲ್ಲಿರುವವರಲ್ಲಿ ಹೆಚ್ಚಿನವರು ಹೆಂಗಸರು, ಅಂಟಿಸುವವರೂ ಹೆಂಗಸರೇ ಆಗಿರಲಿ.

ಇನ್ನೊಂದು ತೊಡಕು. ಭಂಗಿ ಒಂದು ನಿಮಿಷಕ್ಕಿಂತ ಹೆಚ್ಚು ಹಾಗೇ ನಿಂತರೆ ಅಥವಾ ಚಲನೆ ನಿಮಿಷಕ್ಕೆ ನಾಲ್ಕು ಸಲ ಮೀರಿದರೆ ರೂಲಾ ಒಂದು ಅಂಕ ಸೇರಿಸುತ್ತದೆ. ಹೊಲಿಗೆಯಲ್ಲಿ ಹೆಚ್ಚುಕಡಿಮೆ ಎಲ್ಲರಿಗೂ ಅದು ಸೇರುತ್ತದೆ, ಅಂತಿಮ ಸ್ಕೋರ್‌ಗಳು ಮೇಲೆಯೇ ಗುಂಪಾಗುತ್ತವೆ. 1ರಿಂದ 7ರ ಆ ಒಂದು ಅಂಕಿಯನ್ನಷ್ಟೇ ಶೀಟಿಗೆ ಹಾಕಿದರೆ ಕಾಲರ್ ಆಪರೇಟರಿಗೂ ಬಟನ್ ಆಪರೇಟರಿಗೂ ವ್ಯತ್ಯಾಸವೇ ಸಿಗದು. ಕುತ್ತಿಗೆ, ಬೆನ್ನು, ಮೇಲ್ತೋಳು, ಮಣಿಕಟ್ಟು ಪ್ರತಿಯೊಂದಕ್ಕೂ ಒಂದೊಂದು ಕಾಲಂ ಇಡಿ.

ಶುರು ಮಾಡುವ ಮೊದಲು ಇಬ್ಬರು ಬೇರೆಬೇರೆಯಾಗಿ ಕೂತು ಅದೇ 30 ಫ್ರೇಮ್‌ಗಳಿಗೆ ಅಂಕ ಕೊಟ್ಟು ವೆಯ್ಟೆಡ್ ಕಪ್ಪಾ (ಇಬ್ಬರ ಅಂಕಗಳು ಎಷ್ಟು ಹೊಂದುತ್ತವೆ ಅನ್ನುವ ಅಳತೆ) ಲೆಕ್ಕ ಹಾಕಿ. ಹೊಂದಿಕೆ ಕಡಿಮೆ ಬಂದರೆ ಸಾಮಾನ್ಯವಾಗಿ ಜಗಳ ಇರುವುದು ಮಣಿಕಟ್ಟಿನಲ್ಲಿ. ನಿಯಮ ಬರೆದಿಟ್ಟುಕೊಂಡು ಬೇರೆ 30 ಫ್ರೇಮ್ ತೆಗೆದುಕೊಂಡು ಮತ್ತೆ ಮಾಡಿ.

ಪ್ರಶ್ನಾವಳಿಗೆ 1987ರ ನಾರ್ಡಿಕ್ ಪ್ರಶ್ನಾವಳಿ ಸಾಕು: ದೇಹದ ಒಂಬತ್ತು ಭಾಗ, ಕಳೆದ 12 ತಿಂಗಳು, ಕಳೆದ 7 ದಿನ, ಕೆಲಸಕ್ಕೆ ಅಡ್ಡಿಯಾಯಿತೇ. ಭಾಗಗಳ ಹೆಸರು ಓದಿ ಹೇಳಬೇಡಿ, ದೇಹದ ಚಿತ್ರ ಕೊಟ್ಟು ಬೆರಳಿಟ್ಟು ತೋರಿಸಲು ಹೇಳಿ. ಇಲ್ಲದಿದ್ದರೆ ಕೆಳಬೆನ್ನು, ಸೊಂಟ ಎರಡೂ ಕಲಸಿಹೋಗುತ್ತವೆ. ‘12 ತಿಂಗಳಲ್ಲಿ’ ಅನ್ನುವ ಬದಲು ‘ಹೋದ ವರ್ಷದ ಗೌರಿ ಹಬ್ಬದಿಂದ ಈಚೆಗೆ’ ಎಂಬಂತೆ ಆ ಹೊತ್ತಿಗೆ ಹೊಂದುವ ಹಬ್ಬ ಹಿಡಿದು ಕೇಳಿದರೆ ನೆನಪು ಸರಿಯಾಗಿ ಬರುತ್ತದೆ. ಒಡಿಶಾ, ಜಾರ್ಖಂಡ್‌ನಿಂದ ಬಂದವರಿದ್ದರೆ ಅವರ ಭಾಷೆಯ ಪ್ರತಿಯೂ ಬೇಕು. ಸೂಪರ್‌ವೈಸರ್ ಪಕ್ಕದಲ್ಲಿ ನಿಂತಿದ್ದರೆ ಯಾರಿಗೂ ನೋವೇ ಇರುವುದಿಲ್ಲ! ಊಟದ ಹೊತ್ತಿನಲ್ಲಿ, ಎಚ್‌ಆರ್ ಕೋಣೆಯಿಂದ ದೂರ ಕೂತು ಕೇಳಿ. ಶಿಪ್‌ಮೆಂಟ್ ಹತ್ತಿರ ಬಂದಿರುವ ವಾರ ಬೇಡ. ತುಂಬಾ ನೋವಿದ್ದವರು ಈಗಾಗಲೇ ಕೆಲಸ ಬಿಟ್ಟಿರುತ್ತಾರೆ ಅನ್ನುವುದನ್ನೂ ಮರೆಯಬೇಡಿ. ನಿಮಗೆ ಸಿಗುವ ಶೇಕಡಾವಾರು ನಿಜಕ್ಕಿಂತ ಕಡಿಮೆಯೇ ಇರುತ್ತದೆ.

ಇದರ ಜೊತೆಗೆ ಖರ್ಚಿಲ್ಲದ ಒಂದು ಕೆಲಸ ಮಾಡಿ: ಅದೇ ಚಿತ್ರ ತೋರಿಸಿ, ಪಾಳಿ ಶುರುವಾದಾಗ, ಊಟಕ್ಕೆ ಮುಂಚೆ, ಪಾಳಿ ಮುಗಿದಾಗ ಪ್ರತಿ ಭಾಗಕ್ಕೆ 0ಯಿಂದ 10ರವರೆಗೆ ಅಂಕ ಕೇಳಿ. ಬೆಳಿಗ್ಗೆಯಿಂದ ಸಂಜೆಗೆ ಎಷ್ಟು ಏರಿತು ಅನ್ನುವುದು, ನನ್ನ ಪ್ರಕಾರ, ವರ್ಷದ ನೆನಪಿಗಿಂತ ನಂಬಲು ಅರ್ಹ.

ಸೀಟಿನ ಎತ್ತರ, ಟೇಬಲ್ ಎತ್ತರ, ಕೂತಾಗ ಮೊಣಕೈ ಎತ್ತರ, ಮಂಡಿ ಹಿಂಭಾಗದ ಎತ್ತರ ಅಳೆಯಿರಿ. ಬರಿಗಾಲಲ್ಲಿ ಪೆಡಲ್ ಒತ್ತುವವರನ್ನು ಬರಿಗಾಲಲ್ಲೇ ಅಳೆಯಬೇಕು. ಬೆಳಕು ಅಳೆಯುವ ಲಕ್ಸ್ ಮೀಟರ್ ಸೂಜಿಯ ಬುಡದಲ್ಲಿರಲಿ, ಆಪರೇಟರ್ ಕೂತೇ ಇರಲಿ. ಎದ್ದು ನಿಂತರೆ ಅವರ ತಲೆಯ ನೆರಳು ಹೋಗಿ ಅಳತೆ ಸುಳ್ಳಾಗುತ್ತದೆ.

ಇಎಂಜಿಯನ್ನು 60 ಜನಕ್ಕೆ ಹಾಕಬೇಡಿ. ಪ್ರತಿಯೊಬ್ಬರಿಂದಲೂ ಪೂರ್ತಿ ಬಲದ ಅಳತೆ ತೆಗೆದುಕೊಳ್ಳದೆ ಒಬ್ಬರ ಮೈಕ್ರೊವೋಲ್ಟನ್ನು ಇನ್ನೊಬ್ಬರದಕ್ಕೆ ಹೋಲಿಸುವಂತಿಲ್ಲ, ಮತ್ತು ಹೆಗಲು ನೋವಿರುವವರು ಪೂರ್ತಿ ಬಲ ಹಾಕುವುದೂ ಇಲ್ಲ. ಬೆವರು, ಮೋಟರಿನ ವಿದ್ಯುತ್ ಗದ್ದಲ ಬೇರೆ. ಸೀಟಿನ ಎತ್ತರ ಬದಲಿಸಿ ಮೊದಲು–ನಂತರ ಹೋಲಿಸುವ ಯೋಚನೆ ಇದ್ದರೆ ಏಳೆಂಟು ಜನರಲ್ಲಿ, ಒಂದೇ ದಿನ, ಎಲೆಕ್ಟ್ರೋಡ್ ಕೀಳದೆ ಮಾಡಿ. ಆ ಯೋಚನೆ ಇಲ್ಲದಿದ್ದರೆ ಯಂತ್ರ ಲ್ಯಾಬಿನಲ್ಲೇ ಇರಲಿ.