ಮೇಷ್ಟ್ರ ಸಂಬಳ: ಬರುವುದೆಷ್ಟು, ಕಟಾವಾಗುವುದೆಷ್ಟು?

ಸರ್ಕಾರಿ ಶಾಲಾ ಶಿಕ್ಷಕರ ವೇತನದ ಬಗ್ಗೆ ಬಂದ ಪ್ರಶ್ನೆಗಳಲ್ಲಿ ನಾಲ್ಕನ್ನು ಆಯ್ದು ಇಲ್ಲಿ ಉತ್ತರಿಸಿದ್ದೇವೆ. ತುಟ್ಟಿಭತ್ಯೆಯನ್ನು ಬೇರೆ ದರ ಹೇಳಿರದ ಕಡೆಯೆಲ್ಲ ಶೇ 14.25 ಎಂದು ಹಿಡಿದಿದ್ದೇವೆ. ಇದು 2025ರ ಜುಲೈ 1ರಿಂದ ಜಾರಿಯಾದ ದರ.

ಪ್ರಶ್ನೆ: ನಾನು 6ರಿಂದ 8ನೇ ತರಗತಿಯ ಪದವೀಧರ ಶಿಕ್ಷಕಿ. ಮೂಲ ವೇತನ 45,550 ರೂಪಾಯಿ. ಭತ್ಯೆಗಳೆಲ್ಲ ಸೇರಿ 55 ಸಾವಿರ ದಾಟುತ್ತದೆ, ಆದರೆ ಬ್ಯಾಂಕಿಗೆ 46 ಸಾವಿರವೂ ಬರುವುದಿಲ್ಲ. ಏನಾದರೂ ತಪ್ಪಾಗಿದೆಯೇ?
— ಶಿಕ್ಷಕಿ, ಕೊಪ್ಪಳ ಜಿಲ್ಲೆ

ತಪ್ಪಾದಂತೆ ಕಾಣುವುದಿಲ್ಲ. ಆದರೂ ಒಂದೊಂದೇ ಸಾಲು ಲೆಕ್ಕ ಹಾಕಿ ನೋಡೋಣ.

ನಿಮ್ಮ ವೇತನ ಶ್ರೇಣಿ 44,425–83,700. ಮೂಲ ವೇತನ 45,550ರ ಮೇಲೆ ತುಟ್ಟಿಭತ್ಯೆ 6,491. ನೀವಿರುವುದು 'ಸಿ' ವರ್ಗದ ಸ್ಥಳ, ಹಾಗಾಗಿ ಮನೆ ಬಾಡಿಗೆ ಭತ್ಯೆ ಶೇ 7.5ರಂತೆ 3,416. ಸಣ್ಣಪುಟ್ಟ ಭತ್ಯೆ ಬಿಟ್ಟರೂ ಒಟ್ಟು 55,457 ಆಗುತ್ತದೆ.

ಇನ್ನು ಕಟಾವಣೆ. ಎನ್‌ಪಿಎಸ್‌ಗೆ (ರಾಷ್ಟ್ರೀಯ ಪಿಂಚಣಿ ಯೋಜನೆ) ಮೂಲ ವೇತನ ಮತ್ತು ತುಟ್ಟಿಭತ್ಯೆ ಎರಡೂ ಸೇರಿದ ಮೊತ್ತದ ಶೇ 10, ಅಂದರೆ 52,041ಕ್ಕೆ 5,204. ಮನೆ ಬಾಡಿಗೆ ಭತ್ಯೆ ಈ ಲೆಕ್ಕಕ್ಕೆ ಸೇರುವುದಿಲ್ಲ. ಕೆಜಿಐಡಿ (ಸರ್ಕಾರಿ ನೌಕರರ ಕಡ್ಡಾಯ ಜೀವ ವಿಮೆ) ಕಂತನ್ನು ನಿಮ್ಮ ಈಗಿನ ಮೂಲ ವೇತನದ ಮೇಲಲ್ಲ, ಶ್ರೇಣಿಯ ಸರಾಸರಿಯ ಮೇಲೆ ಶೇ 6.25ರಂತೆ ಲೆಕ್ಕ ಹಾಕುತ್ತಾರೆ. ಅದು ಸುಮಾರು 4,000. ಹೊಸದಾಗಿ ಸೇರಿದವರಿಗೆ ಇದು ಭಾರ ಅನ್ನಿಸುವುದು ಇದೇ ಕಾರಣಕ್ಕೆ. ವೃತ್ತಿ ತೆರಿಗೆ 200, ಫೆಬ್ರುವರಿಯಲ್ಲಿ ಮಾತ್ರ 300. ನೌಕರರ ನಗದುರಹಿತ ಚಿಕಿತ್ಸಾ ಯೋಜನೆಯಾದ ಆರೋಗ್ಯ ಸಂಜೀವಿನಿಗೆ ಗ್ರೂಪ್ 'ಸಿ' ನೌಕರರ ವಂತಿಗೆ 350. ಗುಂಪು ವಿಮೆಯ ಕೆಲವು ನೂರನ್ನೂ ಕಳೆದರೆ ಉಳಿಯುವುದು 45 ಸಾವಿರ ಚಿಲ್ಲರೆ.

ಕಟಾದದ್ದೆಲ್ಲ ಹೋಯಿತು ಎಂದುಕೊಳ್ಳಬೇಡಿ. ನಿಮ್ಮ 5,204ರ ಜೊತೆಗೆ ಸರ್ಕಾರ ತನ್ನ ಪಾಲು ಶೇ 14ರಂತೆ 7,286 ಹಾಕಬೇಕು. ತಿಂಗಳಿಗೆ ಒಟ್ಟು 12,490 ನಿಮ್ಮ ಪ್ರಾನ್ ಖಾತೆಗೆ, ಅಂದರೆ ಎನ್‌ಪಿಎಸ್‌ನಲ್ಲಿ ನಿಮ್ಮ ಹೆಸರಿನ ಕಾಯಂ ಖಾತೆಗೆ ಸೇರಬೇಕು. ಸೇರಿದೆಯೇ ಎಂದು ನೋಡುವುದು ನಿಮ್ಮದೇ ಕೆಲಸ, ಕಚೇರಿಯಿಂದ ಯಾರೂ ಬಂದು ಹೇಳುವುದಿಲ್ಲ. ಮೂರು ತಿಂಗಳಿಗೊಮ್ಮೆ ಪ್ರಾನ್ ಖಾತೆಯ ವಿವರ ತೆಗೆದು ವೇತನ ಚೀಟಿಯ ಪಕ್ಕ ಇಟ್ಟು, ತಿಂಗಳು ತಿಂಗಳಿಗೆ ತಾಳೆ ನೋಡಿ. ಯಾವುದಾದರೂ ತಿಂಗಳು ಬಿಟ್ಟುಹೋಗಿದ್ದರೆ ಆ ತಿಂಗಳ ವೇತನ ಚೀಟಿ ಲಗತ್ತಿಸಿ ಬಿಇಒ ಕಚೇರಿಗೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಬಾಯಿಮಾತಿನಲ್ಲಿ ಹೇಳಿ ಬಂದರೆ ಕೇಸ್ ವರ್ಕರ್ ಬದಲಾದ ದಿನವೇ ವಿಷಯ ಮರೆತುಹೋಗುತ್ತದೆ. ಪ್ರಾನ್ ಸಂಖ್ಯೆ ತಡವಾಗಿ ಬಂದವರಿಗೆ ಹಿಂದಿನ ತಿಂಗಳುಗಳ ವಂತಿಗೆಯನ್ನು ಆಮೇಲೆ ಕಂತುಗಳಲ್ಲಿ ಹಿಡಿಯುತ್ತಾರೆ. ಸೇರಿದ ಹೊಸದರಲ್ಲಿ ಹೆಚ್ಚು ಬಂದ ಸಂಬಳ ಆಮೇಲೆ ಏಕಾಏಕಿ ಇಳಿಯುವುದು ಇದರಿಂದಲೇ.

ಪ್ರಶ್ನೆ: 7ನೇ ವೇತನ ಆಯೋಗದಲ್ಲಿ ಮೂಲ ವೇತನ ಶೇ 58.5 ಏರಿತು ಎಂದರು. ನನ್ನ ಸಂಬಳ ಅದರ ಕಾಲು ಭಾಗವೂ ಏರಲಿಲ್ಲ. ಉಳಿದದ್ದು ಎಲ್ಲಿ ಹೋಯಿತು?
— ಪ್ರಾಥಮಿಕ ಶಾಲಾ ಶಿಕ್ಷಕ, ಹಾವೇರಿ ಜಿಲ್ಲೆ

ಶೇ 58.5ರಲ್ಲಿ ಶೇ 31 ನೀವು ಅದಾಗಲೇ ಪಡೆಯುತ್ತಿದ್ದ ತುಟ್ಟಿಭತ್ಯೆ. ಅದನ್ನು ಮೂಲ ವೇತನದೊಳಗೆ ವಿಲೀನ ಮಾಡಿದರು. ಹೊಸದಾಗಿ ಸೇರಿದ್ದು ಶೇ 27.5ರ ಫಿಟ್‌ಮೆಂಟ್, ಅಂದರೆ ವೇತನ ಪರಿಷ್ಕರಣೆಯ ನಿಜವಾದ ಹೆಚ್ಚಳ. ಅದರಲ್ಲೂ ಶೇ 17ನ್ನು 2023ರ ಏಪ್ರಿಲ್‌ನಿಂದಲೇ ಮಧ್ಯಂತರ ಪರಿಹಾರವಾಗಿ ಕೊಡುತ್ತಿದ್ದರು.

25,800ರ ಆರಂಭಿಕ ಮೂಲ ವೇತನವನ್ನೇ ತೆಗೆದುಕೊಳ್ಳಿ. 2024ರ ಜುಲೈನಲ್ಲಿ ಮಧ್ಯಂತರ ಪರಿಹಾರ 4,386, ಶೇ 42.5ರ ತುಟ್ಟಿಭತ್ಯೆ 10,965, ಶೇ 8ರ ಬಾಡಿಗೆ ಭತ್ಯೆ 2,064, ಒಟ್ಟು 43,215. ಆಗಸ್ಟ್ 1ರಿಂದ ಮೂಲ ವೇತನ 41,300, ತುಟ್ಟಿಭತ್ಯೆ ಶೇ 8.5ರಂತೆ 3,511, ಬಾಡಿಗೆ ಭತ್ಯೆ ಶೇ 7.5ರಂತೆ 3,098, ಒಟ್ಟು 47,909. ಏರಿದ್ದು ಸುಮಾರು 4,700 ರೂಪಾಯಿ, ಶೇ 11ಕ್ಕಿಂತ ಸ್ವಲ್ಪ ಕಡಿಮೆ. ಹೆಚ್ಚಿದ ಮೊತ್ತದ ಮೇಲೆ ಎನ್‌ಪಿಎಸ್ ಕಟಾವಣೆಯೂ ಹೆಚ್ಚಿತು, ಹಾಗಾಗಿ ಕೈಗೆ ಬಂದದ್ದು ಇನ್ನೂ ಕಡಿಮೆ.

ಆದರೆ ಮೂಲ ವೇತನ ದೊಡ್ಡದಾದದ್ದು ಸಣ್ಣ ವಿಷಯವಲ್ಲ. ಮುಂದಿನ ಪ್ರತಿ ತುಟ್ಟಿಭತ್ಯೆಯೂ ಬಾಡಿಗೆ ಭತ್ಯೆಯೂ ಅದರ ಮೇಲೇ ಕೂರುತ್ತವೆ. ವಾರ್ಷಿಕ ವೇತನ ಬಡ್ತಿ ಶೇಕಡಾ ಲೆಕ್ಕದಲ್ಲಿ ಬರುವುದಿಲ್ಲ, ಹಂತದ ಲೆಕ್ಕದಲ್ಲಿ ಬರುತ್ತದೆ: 41,300ರಿಂದ 42,300, ಅಲ್ಲಿಂದ 43,300, ಆಮೇಲೆ 1,125ರಂತೆ 44,425, 45,550. ನಿಮ್ಮ ಮೂಲ ವೇತನ ಈ ಹಂತಗಳ ನಡುವಿನ ಯಾವುದೋ ಅಂಕಿಯಲ್ಲಿ ನಿಂತಿದ್ದರೆ ವೇತನ ನಿಗದಿಯಲ್ಲೇ ತಪ್ಪಾಗಿದೆ ಎಂದರ್ಥ. ಕೂಡಲೇ ಸೇವಾ ಪುಸ್ತಕದ ನಮೂದು ನೋಡಿಸಿ. ಹತ್ತು ವರ್ಷ ಬಡ್ತಿಯಿಲ್ಲದೆ ಪೂರೈಸಿದವರು ಕಾಲಮಿತಿ ಬಡ್ತಿಯ ಆದೇಶ ಆಗಿದೆಯೇ ಎಂಬುದನ್ನೂ ಅದೇ ದಿನ ನೋಡಿಕೊಳ್ಳಲಿ.

ಪ್ರಶ್ನೆ: ಬೆಂಗಳೂರಿನಿಂದ ಊರಿನ ಹತ್ತಿರದ ಶಾಲೆಗೆ ವರ್ಗಾವಣೆಯಾಯಿತು. ಮೊದಲ ತಿಂಗಳು ಸಂಬಳವೇ ಆಗಲಿಲ್ಲ. ಬಂದಾಗ 6,000 ಕಡಿಮೆ ಇತ್ತು. ಮೂಲ ವೇತನ 49,050.
— ಶಿಕ್ಷಕ, ಹಾಸನ ಜಿಲ್ಲೆ

ಕಡಿಮೆಯಾದದ್ದು ಬಾಡಿಗೆ ಭತ್ಯೆ. ಬೆಂಗಳೂರಿನಲ್ಲಿ ಶೇ 20, ಅಂದರೆ 9,810. ಈಗಿನ ಸ್ಥಳದಲ್ಲಿ ಶೇ 7.5, ಅಂದರೆ 3,679. ವ್ಯತ್ಯಾಸ 6,131. ಭತ್ಯೆ ನಿಗದಿಯಾಗುವುದು ಕೆಲಸ ಮಾಡುವ ಸ್ಥಳದಿಂದ. ಕುಟುಂಬ ಬೆಂಗಳೂರಿನಲ್ಲೇ ಬಾಡಿಗೆ ಮನೆಯಲ್ಲಿದೆ ಎಂಬುದು ಲೆಕ್ಕಕ್ಕೆ ಬಾರದು.

ಸಂಬಳ ನಿಂತದ್ದು ಬೇರೆ ವಿಷಯ. ವರ್ಗಾವಣೆಯಲ್ಲಿ ಹಳೆಯ ಬಟವಾಡೆ ಅಧಿಕಾರಿ (ವೇತನದ ಬಿಲ್ ಮಾಡುವವರು) ಅಂತಿಮ ವೇತನ ಪ್ರಮಾಣ ಪತ್ರ ಕೊಡಬೇಕು, ನೌಕರರ ವೇತನ ತಂತ್ರಾಂಶವಾದ ಎಚ್‌ಆರ್‌ಎಂಎಸ್‌ನಲ್ಲಿ ನಿಮ್ಮನ್ನು ಬಿಡುಗಡೆ ಮಾಡಬೇಕು, ಹೊಸ ಬಟವಾಡೆ ಅಧಿಕಾರಿ ಅಲ್ಲಿ ನಿಮ್ಮನ್ನು ಸೇರಿಸಿಕೊಳ್ಳಬೇಕು. ಇದರಲ್ಲಿ ಒಂದು ತಪ್ಪಿದರೂ ಬಿಲ್ಲಿನಲ್ಲಿ ನಿಮ್ಮ ಹೆಸರೇ ಬರುವುದಿಲ್ಲ. ಬಿಡುಗಡೆಯಾಗುವ ದಿನವೇ ಪ್ರಮಾಣ ಪತ್ರದ ಪ್ರತಿ ಕೈಯಲ್ಲಿ ಹಿಡಿದು ಹೊರಡುವುದು ಒಳ್ಳೆಯದು. ಅದರಲ್ಲಿ ಸಾಲದ ಕಂತು, ಕೆಜಿಐಡಿ ಪಾಲಿಸಿ ಸಂಖ್ಯೆ, ಮುಂದಿನ ವೇತನ ಬಡ್ತಿಯ ದಿನಾಂಕ ಇವೆಯೇ ನೋಡಿ. ಕೆಜಿಐಡಿ ಕಂತು ಒಂದೆರಡು ತಿಂಗಳು ಬಿಟ್ಟುಹೋದರೆ ಮುಂದೆ ಪಾಲಿಸಿ ಸಾಲ ಕೇಳುವಾಗ ತೊಡಕಾಗುತ್ತದೆ.

ಪ್ರಶ್ನೆ: ಪಿಯು ಉಪನ್ಯಾಸಕಿ, ಎನ್‌ಪಿಎಸ್‌ನಲ್ಲಿದ್ದೇನೆ. ವರ್ಷದ ಸಂಬಳ 12.26 ಲಕ್ಷ. ಹೊಸ ತೆರಿಗೆ ಪದ್ಧತಿಯಲ್ಲಿ 12.75 ಲಕ್ಷದವರೆಗೆ ತೆರಿಗೆ ಇಲ್ಲ ಎನ್ನುತ್ತಾರೆ. ಕಚೇರಿಯವರು ಮಾತ್ರ 77 ಸಾವಿರ ತೆರಿಗೆ ತೋರಿಸಿದ್ದಾರೆ.
— ಉಪನ್ಯಾಸಕಿ, ಬೆಂಗಳೂರು

ಎನ್‌ಪಿಎಸ್‌ಗೆ ಸರ್ಕಾರ ಹಾಕುವ ಶೇ 14 ನಿಮ್ಮ ಆದಾಯಕ್ಕೆ ಮೊದಲು ಸೇರುತ್ತದೆ, ಆಮೇಲೆ ಅಷ್ಟೂ ಕಳೆಯಬೇಕು. ನಿಮ್ಮ ಲೆಕ್ಕಪತ್ರದಲ್ಲಿ ಸೇರಿಸಿದ್ದಾರೆ, ಕಳೆದಿಲ್ಲ. ಸರ್ಕಾರದ ಪಾಲು ಸುಮಾರು 1.46 ಲಕ್ಷ ಸೇರಿ ಆದಾಯ 13.72 ಲಕ್ಷವಾಯಿತು. ಅದರಿಂದ ಸಂಬಳದಾರರಿಗೆಲ್ಲ ಸಿಗುವ 75 ಸಾವಿರದ ಸ್ಟ್ಯಾಂಡರ್ಡ್ ಡಿಡಕ್ಷನ್ ಮಾತ್ರ ಕಳೆದರೆ 12.97 ಲಕ್ಷ ಉಳಿದು, ಸೆಸ್ ಸೇರಿ 77 ಸಾವಿರ ಚಿಲ್ಲರೆ ತೆರಿಗೆ ಬರುತ್ತದೆ. 1.46 ಲಕ್ಷವನ್ನೂ ಕಳೆದರೆ ಉಳಿಯುವುದು 11.51 ಲಕ್ಷ. 2025–26ನೇ ಹಣಕಾಸು ವರ್ಷದಲ್ಲಿ ತೆರಿಗೆಗೊಳಪಡುವ ಆದಾಯ 12 ಲಕ್ಷ ಮೀರದಿದ್ದರೆ ರಿಯಾಯಿತಿಯಿಂದಾಗಿ ತೆರಿಗೆ ಸೊನ್ನೆ. ನಿಮ್ಮ ಕೈಯಿಂದ ಕಟಾದ ಶೇ 10ಕ್ಕೆ ಹೊಸ ಪದ್ಧತಿಯಲ್ಲಿ ವಿನಾಯಿತಿ ಇಲ್ಲ, ಸರ್ಕಾರದ ಪಾಲಿಗೆ ಮಾತ್ರ ಇದೆ. ಈ ಎರಡನ್ನು ಕಚೇರಿಯಲ್ಲಿ ಒಂದೇ ಎಂದು ತಿಳಿದು ಬಿಟ್ಟುಬಿಡುವುದುಂಟು.

ಫೆಬ್ರುವರಿ ಬಿಲ್ ಆಗುವ ಮೊದಲೇ ಪ್ರಾನ್ ಖಾತೆಯ ವರ್ಷದ ವಿವರ ಲಗತ್ತಿಸಿ ತಿದ್ದುಪಡಿ ಕೇಳಿ. ತೆರಿಗೆ ಆಗಲೇ ಕಟಾಗಿದ್ದರೂ ಹಣ ಕೈಬಿಟ್ಟುಹೋಗಿಲ್ಲ: ರಿಟರ್ನ್ ಸಲ್ಲಿಸುವಾಗ ಸರಿಯಾದ ಕಡಿತ ತೋರಿಸಿದರೆ ಮರುಪಾವತಿ ಬರುತ್ತದೆ.