ಒಂದೇ ಬೆಳವಕ್ಕೆ ಮೂರು ಹೆಸರು ಯಾಕೆ?

ಪ್ರಶ್ನೆ: ನಮ್ಮದು ಮಂಡ್ಯ ಹತ್ತಿರದ ಹಳ್ಳಿ. ಕತ್ತಿನ ಹಿಂದೆ ಚುಕ್ಕಿ ಇರುವ ಬೆಳವ ದಿನಾ ಕಣಕ್ಕೆ ಬರುತ್ತದೆ. ಹಳೇ ಪುಸ್ತಕದಲ್ಲಿ ಇದು ಸ್ಟ್ರೆಪ್ಟೊಪೀಲಿಯಾ ಚೈನೆನ್ಸಿಸ್. ಇನ್ನೊಂದರಲ್ಲಿ ಸ್ಟಿಗ್ಮಟೊಪೀಲಿಯಾ. ಮೊಬೈಲ್ ಆ್ಯಪ್‌ನಲ್ಲಿ ಸ್ಪೈಲೊಪೀಲಿಯಾ. ಯಾವುದು ಸರಿ?

ಉತ್ತರ: ಸ್ಪೈಲೊಪೀಲಿಯಾ ಅಂತಲೇ ಬರೆದುಕೊಳ್ಳಿ. ಹಾಗಂತ ಹಳೇ ಪುಸ್ತಕದವರು ಹಕ್ಕಿ ಗುರುತಿಸೋದರಲ್ಲಿ ಎಡವಿದ್ದರು ಅಂತಲ್ಲ.

ವೈಜ್ಞಾನಿಕ ಹೆಸರಿನ ಮೊದಲ ಪದ ಕುಲದ್ದು, ಅಂದರೆ ಹತ್ತಿರದ ಸಂಬಂಧಿ ಪ್ರಭೇದಗಳ ಗುಂಪಿನದು. ಮೊದಲು ಈ ಬಗೆಯ ಬೆಳವಗಳನ್ನೆಲ್ಲ ಸ್ಟ್ರೆಪ್ಟೊಪೀಲಿಯಾ ಎಂಬ ಒಂದೇ ಕುಲಕ್ಕೆ ಸೇರಿಸಿದ್ದರು. 2001ರಲ್ಲಿ ಪ್ರಕಟವಾದ ಡಿಎನ್‌ಎ ಅಧ್ಯಯನದಲ್ಲಿ ನಿಮ್ಮ ಚುಕ್ಕಿ ಬೆಳವ ಮತ್ತು ಕಂದು ಬೆಳವ ಬೇರೆಯದೇ ಕವಲು ಎಂದು ಕಂಡಿತು. ಕಣ್ಣಿಗೂ ಗೊತ್ತಾಗುತ್ತದೆ. ಸ್ಟ್ರೆಪ್ಟೊಪೀಲಿಯಾದಲ್ಲೇ ಉಳಿದ ಉಂಗುರ ಬೆಳವದ ಕತ್ತಿನ ಹಿಂದೆ ಒಂದು ಕಪ್ಪು ಗೆರೆ ಅಷ್ಟೇ. ಚುಕ್ಕಿ ಬೆಳವಕ್ಕೆ ಅಲ್ಲಿ ಅಗಲವಾದ ಕಪ್ಪು ಪಟ್ಟಿ, ಅದರ ತುಂಬ ಬಿಳಿ ಚುಕ್ಕಿ. ಕಂದು ಬೆಳವಕ್ಕೆ ಚುಕ್ಕಿ ಇರೋದು ಮುಂದೆ, ಕತ್ತಿನ ಬುಡದಲ್ಲಿ.

ಬೇರೆ ಕುಲ ಅಂದಮೇಲೆ ಬೇರೆ ಹೆಸರು ಬೇಕಲ್ವಾ? ಗೊಂದಲ ಶುರುವಾಗಿದ್ದೇ ಇಲ್ಲಿ. ಸ್ವೀಡನ್ನಿನ ಸುಂಡೆವಾಲ್ ಎಂಬ ಪಕ್ಷಿತಜ್ಞ 1873ರಲ್ಲಿ ಒಂದೇ ಪುಸ್ತಕದಲ್ಲಿ ಸ್ಟಿಗ್ಮಟೊಪೀಲಿಯಾ, ಸ್ಪೈಲೊಪೀಲಿಯಾ ಎಂಬ ಎರಡು ಕುಲನಾಮ ಕೊಟ್ಟುಬಿಟ್ಟಿದ್ದರು. ಸಾಮಾನ್ಯವಾಗಿ ಮೊದಲು ಅಚ್ಚಾದ ಹೆಸರಿಗೆ ಮಾನ್ಯತೆ. ಇಲ್ಲಿ ಎರಡೂ ಒಟ್ಟಿಗೇ ಅಚ್ಚಾಗಿವೆ. ಸ್ಟಿಗ್ಮಟೊಪೀಲಿಯಾ ಮೇಲಿನ ಸಾಲಿನಲ್ಲಿದೆ, ಅದೇ ಸರಿ ಎಂದು ಕೆಲವರು ಹಟ ಹಿಡಿದರು. ಪ್ರಾಣಿಗಳ ಹೆಸರಿನ ನಿಯಮ ಸಾಲು ನೋಡೋದಿಲ್ಲ. ಎರಡನ್ನೂ ಎದುರಿಗಿಟ್ಟುಕೊಂಡು ಮೊದಲು ಒಂದನ್ನು ಆರಿಸಿದವರ ಮಾತೇ ನಡೆಯುತ್ತದೆ. ಆಸ್ಟ್ರೇಲಿಯಾದ ಹಕ್ಕಿಗಳ ಪಟ್ಟಿ ಮಾಡುವಾಗ ಷಾಡಿ ಮತ್ತು ಮೇಸನ್ ಎಂಬ ಪಕ್ಷಿತಜ್ಞರು ಡಿಎನ್‌ಎ ಅಧ್ಯಯನಕ್ಕೂ ಮೊದಲೇ, 1997ರಲ್ಲಿ, ಸ್ಪೈಲೊಪೀಲಿಯಾ ಆರಿಸಿದ್ದರು. ಅಲ್ಲಿಗೂ ಈ ಬೆಳವವನ್ನು ಜನ ತಂದು ಬಿಟ್ಟಿದ್ದಾರೆ, ಹಾಗಾಗಿ ಪಂಚಾಯ್ತಿ ಅಲ್ಲಿ ನಡೆಯಿತು!

ಹೆಸರಿನ ಎರಡನೇ ಪದ ಚೈನೆನ್ಸಿಸ್ ಮಾತ್ರ ಮೂರರಲ್ಲೂ ಹಾಗೇ ಉಳಿದಿದೆ, ನೋಡಿ. ಅದು ಸ್ಕೊಪೊಲಿ ಎಂಬ ನಿಸರ್ಗತಜ್ಞ 1786ರಲ್ಲಿ ಚೀನಾದ ಹಕ್ಕಿಗೆ ಇಟ್ಟ ಹೆಸರು. ಕುಲ ಬದಲಾದರೂ ಪ್ರಭೇದದ ಹೆಸರು ಹಕ್ಕಿಯ ಜೊತೆಗೇ ಹೋಗುತ್ತದೆ. ನಮ್ಮ ಕಡೆಯ ಹಕ್ಕಿಗೆ 1789ರಲ್ಲಿ ಗ್ಮೆಲಿನ್ ಎಂಬ ಇನ್ನೊಬ್ಬ ನಿಸರ್ಗತಜ್ಞ ಸೂರತ್ ಊರಿನ ಮೇಲೆ ಸುರಾಟೆನ್ಸಿಸ್ ಎಂದು ಹೆಸರಿಟ್ಟರು. ತುಂಬಾ ಕಾಲ ಅದನ್ನು ಉಪಪ್ರಭೇದ ಎಂದಷ್ಟೇ ಎಣಿಸುತ್ತಿದ್ದರು. ಈಗ ಕೆಲವು ಪಟ್ಟಿಗಳಲ್ಲಿ ಅದು ಪ್ರತ್ಯೇಕ ಪ್ರಭೇದ. ಹಾಗಾಗಿ ನಿಮ್ಮ ಟಿಪ್ಪಣಿಯಲ್ಲಿ ಸುರಾಟೆನ್ಸಿಸ್ ಅನ್ನೂ ಪಕ್ಕದಲ್ಲೇ ಬರೆದಿಡಿ.